ತಂಗೆವ್ವ ನಪಾಸಾದ ವರ್ಷ

ತಂಗೆವ್ವನಿಗೆ ಹದಿನಾಲ್ಕನೆಯ ಪದವಿ ಸಿಕ್ಕಿದ್ದು ಒಂದು ಸೋಮವಾರ, ಬೆಳಗಿನ ಹತ್ತೂವರೆಗೆ. ವೈದ್ಯಕೀಯ ಉಪಕರಣ ವಿಜ್ಞಾನದಲ್ಲಿ ಪ್ರಥಮ ದರ್ಜೆ. ಪ್ರಮಾಣಪತ್ರದ ಅಂಚಿಗೆ ಬಂಗಾರದ ಬಳ್ಳಿ, ನಡುವೆ ರೆಕ್ಕೆ ಬಿಚ್ಚಿದ ಗರುಡ, ಕೆಳಗೆ ಮೂವರು ಕುಲಪತಿಗಳ ರುಜು. ಧಾರವಾಡದ ಜಾಲಶಿಕ್ಷಣ ಮಾನ್ಯತಾ ಕೇಂದ್ರದ ಎರಡನೆಯ ಮಹಡಿಯಲ್ಲಿ, ಗೋಡೆಯಗಲದ ಪರದೆಯ ಮೇಲೆ ಅದು ಮೂಡಿದಾಗ ಎಲ್ಲರೂ ಚಹಾದ ಲೋಟ ಕೆಳಗಿಟ್ಟು ನೋಡಿದರು.

ಮಗ್ಗುಲಲ್ಲೇ ಇನ್ನೊಂದು ಪರದೆ. ಅದರಲ್ಲಿ ತಂಗೆವ್ವನ ತಲೆಯೊಳಗಿನ ನಕಾಶೆ ಇತ್ತು: ಸಾವಿರಾರು ಚುಕ್ಕೆಗಳು, ಒಂದೊಂದು ಚುಕ್ಕೆಗೆ ಒಂದೊಂದು ವಿಷಯ. ಕಲಿತದ್ದು ಹಸಿರು, ಕಲಿಯದ್ದು ಬೂದು. ಎರಡು ವರ್ಷದ ಪಠ್ಯವನ್ನು ಹನ್ನೊಂದು ದಿನದಲ್ಲಿ ಮುಗಿಸಿ ಪ್ರಥಮ ದರ್ಜೆ ಪಡೆದವಳ ನಕಾಶೆಯಲ್ಲಿ ಹೊಸದಾಗಿ ಹಸಿರಾದದ್ದು ಏಳೇ ಚುಕ್ಕೆ. ಅದರಲ್ಲೂ ಮೂರು ಪಾಸ್‌ವರ್ಡ್ ಬದಲಿಸುವ ಬಗೆಯವು ಎಂದು ಜಿನದತ್ತ ಚೌಗಲೆ ಓದಿ ಹೇಳಿದಾಗ ಕೋಣೆಯಲ್ಲಿ ನಗೆ ಎದ್ದಿತು.

ತಂಗೆವ್ವ ಮನುಷ್ಯಳಲ್ಲ. ಆ ಹೊತ್ತಿಗೆ ನಾಡಿನಲ್ಲಿ ಜಾಲ ವಿಶ್ವವಿದ್ಯಾಲಯಗಳು ಮಳೆಗಾಲದ ಅಣಬೆಯ ಹಾಗೆ ಎದ್ದಿದ್ದವು. ಅಂಗೈಯಗಲದ ಪರದೆಯಿದ್ದರೆ ಸಾಕು, ಯಾರು ಬೇಕಾದರೂ ಯಾವ ಪದವಿ ಬೇಕಾದರೂ ಪಡೆಯಬಹುದಿತ್ತು. ಹಾಗಾಗಿಯೇ ಯಾರ ಪದವಿಯನ್ನೂ ಯಾರೂ ನಂಬುತ್ತಿರಲಿಲ್ಲ. ಮಾನ್ಯತೆ ಕೊಡುವವರು ಮೊದಲೆಲ್ಲ ಕಾಗದ ನೋಡುತ್ತಿದ್ದರು. ಗ್ರಂಥಾಲಯದಲ್ಲಿ ಎಷ್ಟು ಪುಸ್ತಕ, ಎಷ್ಟು ಪ್ರಾಧ್ಯಾಪಕರು, ಕಟ್ಟಡದ ಭಾವಚಿತ್ರ ಎಲ್ಲಿ. ಒಂದು ಸಲ ಹನ್ನೊಂದು ಸಂಸ್ಥೆಗಳು ಒಂದೇ ಕಟ್ಟಡದ ಚಿತ್ರ ಕಳಿಸಿದ್ದವು. ಮೆಟ್ಟಿಲ ಮೇಲೆ ಮಲಗಿದ್ದ ನಾಯಿಯೂ ಅದೇ. ಶಾಲೆ ಕಲಿಸುತ್ತದೋ ಇಲ್ಲವೋ ತಿಳಿಯಲು ವಿದ್ಯಾರ್ಥಿಯಾಗಿ ಕೂತು ನೋಡುವುದೊಂದೇ ದಾರಿ ಎಂದು ಕೇಂದ್ರದವರಿಗೆ ಅನ್ನಿಸಿದ್ದು ಆಗ.

ಆದರೆ ಎಲ್ಲ ಬಲ್ಲ ಯಂತ್ರವನ್ನು ಕೂರಿಸಿದರೆ ಏನು ಪ್ರಯೋಜನ? ಅದು ಎಲ್ಲಿ ಕೂತರೂ ಪಾಸಾಗುತ್ತದೆ. ಬೇಕಾಗಿದ್ದದ್ದು ಅರಿಯದ ಯಂತ್ರ. ಜಿನದತ್ತ ಮತ್ತು ಅವನ ಜೊತೆಗಾರರು ಆರು ವರ್ಷ ಕೂತು ತಂಗೆವ್ವನನ್ನು ಮಾಡಿದರು. ಪ್ರತಿ ಸಲ ಅವಳು ಎಸ್ಸೆಸ್ಸೆಲ್ಸಿ ಮುಗಿಸಿದವಳಷ್ಟೇ ಬಲ್ಲವಳಾಗಿ ಹೊರಡುತ್ತಿದ್ದಳು. ಸರಿಯಾಗಿ ಹೇಳಿಕೊಟ್ಟರೆ ಕಲಿಯುತ್ತಿದ್ದಳು, ತಪ್ಪು ಹೇಳಿದರೆ ತಪ್ಪನ್ನೇ ಕಲಿಯುತ್ತಿದ್ದಳು, ಮತ್ತೆ ಮತ್ತೆ ಕೇಳದಿದ್ದರೆ ಮರೆಯುತ್ತಿದ್ದಳು. ತಿಳಿಯದಿದ್ದರೂ ಸಂಕೋಚಕ್ಕೆ ಹೂಂಗುಟ್ಟುವುದನ್ನು ಅವಳಿಗೆ ರೂಢಿ ಮಾಡಿಸಲು ಒಂದೂವರೆ ವರ್ಷ ಹಿಡಿಯಿತಂತೆ. ಅವಳಿಗೆ ಮುಖ, ದನಿ, ಧಾರವಾಡದ ಒಂದು ವಿಳಾಸ, ಸಿದ್ಧ ಉಡುಪು ಕಾರ್ಖಾನೆಯಲ್ಲಿ ಕೆಲಸ, ಇಪ್ಪತ್ತೊಂಬತ್ತರ ವಯಸ್ಸು, ಎಲ್ಲವನ್ನೂ ಕೊಟ್ಟಿದ್ದರು.

ಹಿರಿಯ ಪರಿಶೀಲಕಿ ಮಹಾನಂದಾ ಹೂಗಾರ ಅಂದು ಎಲ್ಲರ ಜೊತೆ ನಗಲಿಲ್ಲ. ತನಿಖೆ ಮುಗಿಯುವವರೆಗೂ ಪರಿಶೀಲಕರಿಗೆ ಸಂಸ್ಥೆಯ ಹೆಸರು ಗೊತ್ತಿರುವುದಿಲ್ಲ, ಅಂಕಿ ಮಾತ್ರ. ಅವಳು ಬೆಳಿಗ್ಗೆಯೇ ಇನ್ನೂರಹನ್ನೆರಡನೆಯ ಸಂಸ್ಥೆಯ ವರದಿಗೆ ಸೊನ್ನೆ ಅಂಕ ಬರೆದು ಮುಚ್ಚಿದ್ದಳು. ಈಗ ಗರುಡದ ಕೆಳಗೆ ಹೆಸರು ಕಂಡಿತು: ಶಿಖರ ಜಾಗತಿಕ ವಿಶ್ವವಿದ್ಯಾಲಯ. ಅದೇ ಗರುಡ, ಅದೇ ಬಂಗಾರದ ಬಳ್ಳಿ ಅವಳ ಮನೆಯ ನಡುಮನೆಯಲ್ಲಿ ಚೌಕಟ್ಟು ಹಾಕಿಸಿಕೊಂಡು ಗೋಡೆಯ ಮೇಲಿತ್ತು.

ಅದು ಅವಳ ನಾದಿನಿ ಕಸ್ತೂರಿಯದು. ಕಸ್ತೂರಿಗೆ ನಲವತ್ತೊಂದು. ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ ಹದಿನೆಂಟು ವರ್ಷ ಆಯಾ ಆಗಿದ್ದಳು. ಯಂತ್ರಗಳು ಕೆಟ್ಟು ತಿಂಗಳುಗಟ್ಟಲೆ ಮೂಲೆಯಲ್ಲಿ ನಿಲ್ಲುವುದನ್ನೂ, ಅವುಗಳಿಗಾಗಿ ರೋಗಿಗಳು ಕಾಯುವುದನ್ನೂ ನೋಡಿ ನೋಡಿ, ಇದನ್ನು ತಾನೇ ಕಲಿತರೆ ಹೇಗೆ ಎಂದು ಎರಡು ವರ್ಷ ಕೆಲಸ ಮುಗಿಸಿ ಬಂದು ಓದಿದ್ದಳು. ಎಂಟು ತಿಂಗಳ ಹಿಂದೆ ಅವಳಿಗೆ ಉಪಕರಣ ತಂತ್ರಜ್ಞೆಯ ಹುದ್ದೆ ಸಿಕ್ಕಿತ್ತು. ಬಿಳಿ ಕೋಟು ಹಾಕಿಕೊಂಡ ಮೊದಲ ದಿನ ಓಣಿಯ ತುದಿಯವರೆಗೂ ನಡೆದು ಹೋಗಿ ಬಂದಿದ್ದಳು, ಸುಮ್ಮನೆ.

ಸುದ್ದಿ ಬೇರೆ ಕಡೆಯಿಂದ ತಿಳಿಯಬಾರದೆಂದು ಮಹಾನಂದಾ ಅಂದು ಬೇಗ ಮನೆಗೆ ಹೋದಳು. ಗಂಡ ರೈಲ್ವೆ ಕೆಲಸದ ಮೇಲೆ ಗುಂತಕಲ್ಲಿಗೆ ಹೋಗಿದ್ದ. ಕಸ್ತೂರಿ ಕೋಟಿಗೆ ಇಸ್ತ್ರಿ ಮಾಡುತ್ತಿದ್ದಳು. ಸುತ್ತುಬಳಸಿ ಹೇಳುವುದು ಮಹಾನಂದಾಳಿಗೆ ಬರುತ್ತಿರಲಿಲ್ಲ; ಬಾಗಿಲಲ್ಲೇ ನಿಂತು ಎಲ್ಲ ಹೇಳಿಬಿಟ್ಟಳು. ಶಿಖರದ ಮಾನ್ಯತೆ ರದ್ದು, ಅದು ಕೊಟ್ಟ ಪದವಿಗಳೂ ರದ್ದು. ಅವುಗಳ ಮೇಲೆ ಕೆಲಸಕ್ಕೆ ಸೇರಿದವರಿಗೆ ಒಂದು ವರ್ಷದ ಅವಕಾಶ: ಮಾನ್ಯತೆ ಇರುವ ಸಂಸ್ಥೆಯಲ್ಲಿ ಮೊದಲ ವರ್ಷ ಪಾಸಾದರೆ ಹುದ್ದೆ ಉಳಿಯುತ್ತದೆ, ಇಲ್ಲವಾದರೆ ಹಳೆಯ ಕೆಲಸಕ್ಕೆ ಹೋಗಬೇಕು.

ಕಸ್ತೂರಿ ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿಟ್ಟಳು. ಅತ್ತಿಗೆಯನ್ನು ಅವಳು ವೈನಿ ಎಂದೇ ಕರೆಯುವುದು.

"ವೈನಿ, ನಾ ಎರಡು ವರ್ಷ ಓದೀನಿ. ನೀವ ನೋಡೀರಿ. ಅದೂ ಸುಳ್ಳೇನು?"

"ನೀ ಓದಿದ್ದು ಸುಳ್ಳಲ್ಲ. ನೀ ಓದಿದ್ದು ಖರೇನೋ ತಪ್ಪೋ ಅಂತ ನಿನಗ ಯಾರೂ ಹೇಳಲಿಲ್ಲ, ಅಷ್ಟ."

ಕಸ್ತೂರಿ ಕೋಟನ್ನು ಮಡಚಿಟ್ಟಳು. ಆಮೇಲೆ, ಎರಡು ವರ್ಷದಲ್ಲಿ ಅವರು ತನಗೆ ಒಂದೂ ಪ್ರಶ್ನೆ ತಿರುಗಿ ಕೇಳಿರಲಿಲ್ಲ, ಆಗಲೇ ಸಂಶಯ ಬರಬೇಕಿತ್ತು ಎಂದಳು. ರಾತ್ರಿಯ ಊಟಕ್ಕೆ ಮೊದಲು ತಾನೇ ಸ್ಟೂಲು ಹತ್ತಿ ಚೌಕಟ್ಟನ್ನು ಇಳಿಸಿದಳು. ಗಾಜು ಚೆನ್ನಾಗಿದೆ, ಅಣ್ಣನ ಫೋಟೋ ಹಾಕಿಸೋಣ ಎಂದಳು. ಆ ಮಾತಿಗೆ ಮಹಾನಂದಾ ನಕ್ಕಳು, ನಕ್ಕಿದ್ದಕ್ಕೆ ಕಣ್ಣಲ್ಲಿ ನೀರೂ ಬಂತು.

ಎಲ್ಲಿ ಸೇರಬೇಕೆಂದು ಮಹಾನಂದಾ ಹೇಳುವಂತಿರಲಿಲ್ಲ. ಪರಿಶೀಲನೆಯಲ್ಲಿರುವ ಸಂಸ್ಥೆಗಳ ಬಗ್ಗೆ ಮನೆಯಲ್ಲಿ ಮಾತಾಡುವುದು ನಿಯಮಕ್ಕೆ ವಿರುದ್ಧ. ನೀನೇ ಆರಿಸು, ಆರಿಸಿದ ಮೇಲೂ ಹೆಸರು ನನಗೆ ಹೇಳಬೇಡ ಎಂದಳು. ಕಸ್ತೂರಿಗೆ ಯಂತ್ರವಿರಲಿಲ್ಲ, ನಕಾಶೆಯಿರಲಿಲ್ಲ. ಹದಿನೆಂಟು ವರ್ಷ ಯಾವ ವೈದ್ಯರ ಬಳಿ ಹೋಗಬೇಕೆಂದು ರೋಗಿಗಳಿಗೆ ಗುಟ್ಟಾಗಿ ಹೇಳಿದ ಅನುಭವವಿತ್ತು. ಅದೇ ಬುದ್ಧಿಯಿಂದ ಮೂರು ಪ್ರಶ್ನೆ ಬರೆದುಕೊಂಡಳು. ನಿಮ್ಮಲ್ಲಿ ಎಷ್ಟು ಜನ ನಪಾಸಾಗುತ್ತಾರೆ? ಕಲಿಸುವವರ ಜೊತೆ ನಾನು ಈಗ ಮಾತಾಡಬಹುದೇ? ಮೊದಲು ಕಲಿತ ಒಬ್ಬರ ನಂಬರು ಕೊಡುತ್ತೀರಾ?

ಒಂಬತ್ತು ಕಡೆ ಕರೆ ಮಾಡಿದಳು. ನಮ್ಮಲ್ಲಿ ನಪಾಸು ಎಂಬ ಮಾತೇ ಇಲ್ಲ ಎಂದು ನಾಲ್ಕು ಕಡೆಯವರು ಹೆಮ್ಮೆಯಿಂದ ಹೇಳಿದರು. ಒಂದು ಕಡೆ ಜೇನಿನಂಥ ದನಿಯ ಯಂತ್ರವೊಂದು, ನಮ್ಮ ಅಧ್ಯಾಪಕರು ದಿನದ ಇಪ್ಪತ್ತನಾಲ್ಕು ಗಂಟೆಯೂ ನಿಮ್ಮೊಂದಿಗೆ ಎಂದಿತೇ ಹೊರತು ಒಬ್ಬರ ಹೆಸರನ್ನೂ ಹೇಳಲಿಲ್ಲ. ಇನ್ನೊಂದು ಕಡೆಯವರು ಹಳೆಯ ವಿದ್ಯಾರ್ಥಿಯ ನಂಬರು ಕೊಟ್ಟರು. ಕಸ್ತೂರಿ ಆ ಕರೆಯನ್ನು ಮುಗಿಸದೆಯೇ ಇನ್ನೊಂದು ಫೋನಿನಿಂದ ಅದಕ್ಕೆ ಕರೆ ಮಾಡಿದಾಗ ಗಂಟೆ ಬಾರಿಸಿದ್ದು ಮೊದಲನೆಯ ಫೋನಿನ ಆ ತುದಿಯ ಕೋಣೆಯಲ್ಲೇ. ಆಸ್ಪತ್ರೆಯಿಂದ ಮಾಡಿದ ಒಂಬತ್ತನೆಯ ಕರೆಯನ್ನು ಎತ್ತಿಕೊಂಡ ಹೆಂಗಸು ರೊಟ್ಟಿ ಬಡಿಯುತ್ತಿದ್ದಳಂತೆ, ತಟ್ಟುವ ಸದ್ದು ಕೇಳುತ್ತಿತ್ತು. ಮೊದಲ ಸಲ ನೂರಕ್ಕೆ ಅರವತ್ತೊಂದು ಜನ ನಪಾಸಾಗುತ್ತಾರೆ, ನೀನೂ ಆಗಬಹುದು ಎಂದು ಮುಖಕ್ಕೆ ಹೊಡೆದಂತೆ ಹೇಳಿ, ನಿಮ್ಮ ವಾರ್ಡಿನಲ್ಲಿ ಯಾವ ಯಂತ್ರವಿದೆ, ಅದರ ಹತ್ತಿರ ಫೋನು ಹಿಡಿ ನೋಡೋಣ ಎಂದಳು. ಕಫ ಎಳೆಯುವ ಸಕ್ಷನ್ ಯಂತ್ರದ ಸದ್ದು ಕೇಳಿ, ಅದರ ರಬ್ಬರು ಸೀಳಿದೆ ಎಂದೂ ಹೇಳಿದಳು. ಬಿಚ್ಚಿ ನೋಡಿದರೆ ಸೀಳಿತ್ತು. ಕಸ್ತೂರಿ ಮರುದಿನವೇ ಅಲ್ಲಿ ಸೇರಿದಳು.

ಕೇಂದ್ರದಲ್ಲಿ ಅದೇ ವಾರ ಇನ್ನೂರಹದಿಮೂರನೆಯ ಸಂಸ್ಥೆಯ ಕಡತ ಮಹಾನಂದಾಳ ಮುಂದೆ ಬಂತು. ಕಾಗದದ ಮಟ್ಟಿಗೆ ಅದಕ್ಕಿಂತ ಬಡವಾದ ಸಂಸ್ಥೆಯನ್ನು ಅವಳು ನೋಡಿರಲಿಲ್ಲ. ಕಟ್ಟಡ: ಬಾಡಿಗೆಯ ಎರಡು ಕೋಣೆ. ಗ್ರಂಥಾಲಯ: ಒಂದು ಕಪಾಟು. ಅಧ್ಯಾಪಕರು ಆರು ಜನ, ಐವರು ನಿವೃತ್ತರು. ಹಳೆಯ ಮಾನ್ಯತೆ ಇನ್ನೊಂದೇ ವರ್ಷ ಉಳಿದಿತ್ತು, ನವೀಕರಣ ಬೇಕಿತ್ತು. ತಂಗೆವ್ವನನ್ನು ಕಳಿಸುವುದು ಬರೀ ಔಪಚಾರಿಕ ಎಂದುಕೊಂಡರು. ಜಿನದತ್ತ ಹದಿನೈದನೆಯ ಪದವಿಗೆ ಜಾಗವನ್ನೂ ಗೊತ್ತುಮಾಡಿದ.

ಎರಡನೆಯ ವಾರವೇ ಮಾತು ಬದಲಾಯಿತು. ಪಾಠದ ಮಾತುಕತೆಯನ್ನು ಹೆಸರು ಅಳಿಸಿ ಬರಹದಲ್ಲಿ ಪರಿಶೀಲಕರಿಗೆ ಕೊಡುತ್ತಿದ್ದರು. ವಿದ್ಯುತ್ ಪ್ರವಾಹದ ಪಾಠ. ಎಲ್ಲ ಕಡೆ ಮಾಡುವ ಹಾಗೆ ತಂಗೆವ್ವ, ಹೂಂನ್ರಿ ತಿಳೀತ್ರಿ ಎಂದಿದ್ದಳು. ಅದಕ್ಕೆ ಅಧ್ಯಾಪಕಿ ಕೊಟ್ಟ ಉತ್ತರವನ್ನು ಮಹಾನಂದಾ ಎರಡು ಸಲ ಓದಿದಳು: "ನಿನಗ ತಿಳೀಲಿಲ್ಲ ಅಂತ ನನಗ ತಿಳೀತು. ಬಾ, ಇನ್ನೊಂದು ಕಡೆಯಿಂದ ಹೋಗೂಣು."

ಇನ್ನೊಂದು ಕಡೆಯಿಂದ ಹೋದರು. ಆಮೇಲೆ ಮತ್ತೊಂದು ಕಡೆಯಿಂದ. ನಾಲ್ಕನೆಯ ಸಲಕ್ಕೆ ನಕಾಶೆಯಲ್ಲಿ ಒಂದು ಚುಕ್ಕೆ ಹಸಿರಾಯಿತು, ಅದರ ಸುತ್ತ ಇನ್ನಾರು ತಾವಾಗಿ ಹಸಿರಾದವು. ತಿಂಗಳು ಕಳೆಯುವಷ್ಟರಲ್ಲಿ ಬೂದು ಬಯಲಿನಲ್ಲಿ ಒಳ್ಳೆಯ ಮಳೆಯಾದ ಹಾಗಿತ್ತು. ಕೇಂದ್ರದವರು ಬೆಳಿಗ್ಗೆ ಬಂದ ಕೂಡಲೇ ಚಹಾ ಬಿಟ್ಟು ಮೊದಲು ಆ ಪರದೆಯ ಮುಂದೆ ನಿಲ್ಲತೊಡಗಿದರು. ಇವತ್ತು ಎಷ್ಟು ಹಸಿರು ಎಂದು ಕೇಳುವುದು, ಕ್ರಿಕೆಟ್ಟಿನ ಸ್ಕೋರು ಕೇಳಿದಂತೆ. ಒಮ್ಮೆ ಅಧ್ಯಾಪಕಿ ತಂಗೆವ್ವನಿಗೆ ತಪ್ಪು ಹೇಳಿಕೊಟ್ಟು, ಮರುದಿನ ಬೆಳಿಗ್ಗೆಯೇ ತಾನಾಗಿ ಕರೆ ಮಾಡಿ, ನಿನ್ನೆ ನಾನು ಹೇಳಿದ್ದು ತಪ್ಪು, ತಿದ್ದಿಕೋ ಎಂದಳು. ತಂಗೆವ್ವ ಅದುವರೆಗೆ ಕಲಿತ ಹದಿನಾಲ್ಕು ಸಂಸ್ಥೆಗಳಲ್ಲಿ ಅದು ಯಾವತ್ತೂ ಆಗಿರಲಿಲ್ಲವಾದ್ದರಿಂದ ಅದನ್ನು ಯಾವ ಕಲಮಿನಲ್ಲಿ ಬರೆಯಬೇಕೆಂದು ಮಹಾನಂದಾಳಿಗೆ ತಿಳಿಯಲಿಲ್ಲ.

ಒಂದೇ ತೊಡಕು. ಮೂರನೆಯ ತಿಂಗಳಲ್ಲಿ ಸಂಸ್ಥೆ ತಂಗೆವ್ವನ ವಿಳಾಸಕ್ಕೆ ಒಂದು ತಗಡಿನ ಪೆಟ್ಟಿಗೆ ಕಳಿಸಿತು. ಬಸ್ಸಿನ ಪಾರ್ಸೆಲ್ಲಿನಲ್ಲಿ ಊರಿಂದೂರಿಗೆ, ವಿದ್ಯಾರ್ಥಿಯಿಂದ ವಿದ್ಯಾರ್ಥಿಗೆ ತಿರುಗುವ ಪ್ರಯೋಗಶಾಲೆ ಅದು: ಹಳೆಯ ಪಂಪು, ಮೋಟಾರು, ಮಾಪಕ, ತಿರುಪುಳಿ. ತಂಗೆವ್ವನ ವಿಳಾಸವೆಂದರೆ ಕೇಂದ್ರದ ಹಿಂಬಾಗಿಲು. ಯಾರೂ ಬಿಚ್ಚಲಿಲ್ಲ, ಹದಿನೈದು ದಿನ ಉಗ್ರಾಣದಲ್ಲಿ ಕೂತು ಹಿಂದಕ್ಕೆ ಹೋಯಿತು. ಕೈಯೇ ಇಲ್ಲದವಳು ಬಿಚ್ಚುವುದಾದರೂ ಹೇಗೆ?

ಮನೆಯಲ್ಲಿ ಇತ್ತ ಭಾನುವಾರಗಳು ಬೇರೆ ಥರ ಆಗಿದ್ದವು. ಕಸ್ತೂರಿ ಪತ್ರಿಕೆ ಹಾಸಿ ಮಿಕ್ಸರ್ ಬಿಚ್ಚಿಡುತ್ತಿದ್ದಳು. ಶೇಂಗಾ ಚಟ್ನಿಯನ್ನು ಮಹಾನಂದಾ ಒರಳಲ್ಲಿ ಕುಟ್ಟುತ್ತಿದ್ದಳು. ಗಂಡ ಮಲ್ಲಿಕಾರ್ಜುನ ಊರಿಗೆ ಬಂದಾಗಲೆಲ್ಲ ಯಾವ ವಸ್ತು ಇನ್ನೂ ಇಡಿಯಾಗಿದೆ ಎಂದು ಮೊದಲು ವಿಚಾರಿಸಿಕೊಳ್ಳುತ್ತಿದ್ದ. ಅಂಥ ಒಂದು ಭಾನುವಾರ ಫ್ಯಾನು ನಿಂತಿತು. ಕೆಟ್ಟಿತು ಎಂದು ಅವನು ಹೇಳಿದ್ದೇ ತಡ, ಕಸ್ತೂರಿ ತಲೆಯೆತ್ತದೆ ಹೇಳಿದಳು:

"ಕೆಟ್ಟೈತಿ ಅನಬ್ಯಾಡಣ್ಣ. ಅದರಾಗ ಯಾವುದು ಇನ್ನೂ ಛಲೋ ಐತಿ, ಅದನ್ನ ಮೊದಲ ಹೇಳು."

ಮಹಾನಂದಾಳ ಕೈಯ ಒನಕೆ ನಿಂತಿತು. ಗುರುವಾರದ ಬರಹದಲ್ಲಿ, ಇನ್ನೂರಹದಿಮೂರನೆಯ ಸಂಸ್ಥೆಯ ಅಧ್ಯಾಪಕಿ ತಂಗೆವ್ವನಿಗೆ ಹೇಳಿದ್ದು ಅಕ್ಷರಕ್ಕೆ ಅಕ್ಷರ ಅದೇ. ಯಾರು ಹೇಳಿಕೊಟ್ಟರೆಂದು ಅವಳು ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ. ಮನಸ್ಸಿಗೆ ಮೊದಲು ಬಂದದ್ದು ಸಂತೋಷ: ಯಂತ್ರ ಆರು ತಿಂಗಳಲ್ಲಿ ಕಂಡದ್ದನ್ನು ನಾದಿನಿ ಒಂದು ಫೋನು ಕರೆಯಲ್ಲಿ ಕಂಡಿದ್ದಳು. ಅದರ ಹಿಂದೆಯೇ ಬಂದದ್ದು ಭಯ. ಈ ಕಡತಕ್ಕೆ ತಾನು ರುಜು ಹಾಕಿದರೆ ಅದು ಮನೆಯವಳ ಹುದ್ದೆಗೆ ಹಾಕಿದ ರುಜು.

ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಸೋಮವಾರ ಅವಳು ನಿರ್ದೇಶಕ ಹಿರೇಗೌಡರ ಕೋಣೆಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಹಿರೇಗೌಡರು ನಿಯಮದ ಪುಸ್ತಕವನ್ನು ದಿಂಬಿನಡಿ ಇಟ್ಟುಕೊಂಡು ಮಲಗುತ್ತಾರೆ ಎಂದು ಕೇಂದ್ರದಲ್ಲಿ ಮಾತಿತ್ತು. ಅವರು ಕನ್ನಡಕ ತೆಗೆದು ಒರೆಸಿ, ಈ ಕಡತದಲ್ಲಿ ನಿಮ್ಮ ಮತ ಇನ್ನಿಲ್ಲ ಎಂದರು. ಇಲ್ಲಿಯವರೆಗೆ ಬರೆದದ್ದು ಮಾತ್ರ ಸಾಕ್ಷಿಯಾಗಿ ಉಳಿಯುತ್ತದೆ. ಅವಳು ಹೊರಡುವಾಗ, ಹೇಳಿದ್ದು ಒಳ್ಳೆಯದಾಯಿತು ಎಂದೂ ಅಂದರು. ಅವರ ಬಾಯಲ್ಲಿ ಅದು ದೊಡ್ಡ ಹೊಗಳಿಕೆ.

ವರ್ಷದ ಕೊನೆಯ ಪರೀಕ್ಷೆ ಆಯಿತು. ಲಿಖಿತದಲ್ಲಿ ತಂಗೆವ್ವನಿಗೆ ನೂರಕ್ಕೆ ಎಂಬತ್ತೊಂಬತ್ತು. ನಕಾಶೆ ಎಂದೂ ಇಲ್ಲದಷ್ಟು ಹಸಿರು. ಆ ಖುಷಿಗೆ ಜಿನದತ್ತ ಎಲ್ಲರಿಗೂ ಗಿರಮಿಟ್ಟು ತರಿಸಿದ್ದ. ತಿನ್ನುತ್ತಿರುವಾಗಲೇ ಫಲಿತಾಂಶ ಬಂತು. ಪರದೆಯ ಮೇಲೆ ಗರುಡವೂ ಇರಲಿಲ್ಲ, ಬಳ್ಳಿಯೂ ಇರಲಿಲ್ಲ, ಎರಡೇ ಸಾಲು. ತಂಗೆವ್ವ, ನಪಾಸು. ಪ್ರಾಯೋಗಿಕ: ಪೆಟ್ಟಿಗೆ ಬಿಚ್ಚಿಲ್ಲ, ಸೊನ್ನೆ.

ತಂಗೆವ್ವ ಮೊದಲ ಬಾರಿಗೆ ನಪಾಸಾಗಿದ್ದಳು.

ಕೇಂದ್ರದ ಗಣಕಕ್ಕೆ ಇದು ಅರಗಲಿಲ್ಲ. ಪದವಿಯ ತೂಕವನ್ನೂ ಕಲಿಕೆಯ ತೂಕವನ್ನೂ ಹೋಲಿಸಿ ನೋಡುವುದು ಅದರ ಕೆಲಸ. ಈವರೆಗೆ ಪದವಿ ಭಾರ, ಕಲಿಕೆ ಹಗುರ ಆದದ್ದನ್ನೇ ಅದು ಕಂಡದ್ದು. ಇಲ್ಲಿ ಕಲಿಕೆ ಭಾರ, ಫಲಿತಾಂಶ ಸೊನ್ನೆ. ಅಂತರ ಯಾವ ಕಡೆಗಾದರೂ ಅಂತರವೇ ಎಂದು ಲೆಕ್ಕ ಹಾಕಿ ಅದು ಬರೆಯಿತು: ಹೊಂದಿಕೆ ಇಲ್ಲ, ಮಾನ್ಯತೆ ರದ್ದುಪಡಿಸಬಹುದು. ಹದಿನೈದು ದಿನಕ್ಕೆ ವಿಚಾರಣೆ ಗೊತ್ತಾಯಿತು. ಸಂಸ್ಥೆಗೆ ನೋಟೀಸು ಹೋಯಿತು.

ನೋಟೀಸು ಊರು ಮುಟ್ಟುವ ಮೊದಲೇ, ಒಂದು ಮಧ್ಯಾಹ್ನ, ಕೇಂದ್ರದ ಹಿಂಬಾಗಿಲಿಗೆ ಒಬ್ಬ ಹೆಂಗಸು ಬಂದಳು. ಅರವತ್ತೇಳರ ಆಸುಪಾಸು, ತೆಳ್ಳಗೆ, ತಲೆಯ ಮೇಲೆ ಸೆರಗು, ಕೈಯಲ್ಲಿ ತಗಡಿನ ಪೆಟ್ಟಿಗೆ. ಕೊಪ್ಪಳದಿಂದ ಬಸ್ಸಿನಲ್ಲಿ ಬಂದಿದ್ದಳು. ತಂಗೆವ್ವ ಎಂಬ ಹುಡುಗಿ ಇಲ್ಲಿದ್ದಾಳಂತೆ, ನೋಡಬೇಕು ಎಂದು ಕಾವಲುಗಾರನನ್ನು ಕೇಳಿದಳು. ಅವನಿಗೆ ದಿಕ್ಕು ತೋಚದೆ ಮಹಾನಂದಾಳನ್ನು ಕರೆಸಿದ.

ಮಹಾನಂದಾ ಅವಳನ್ನು ಒಳಗೆ ಕೂರಿಸಿ ನೀರು ಕೊಟ್ಟಳು. ಬಂದವಳು ತನ್ನ ಹೆಸರು ಶಂಶಾದ್ ನದಾಫ್, ಪಾಲಿಟೆಕ್ನಿಕ್ಕಿನಲ್ಲಿ ಮೂವತ್ತು ವರ್ಷ ಕಲಿಸಿ, ಈಗ ಹುಲಿಗುಡ್ಡ ಜಾಲ ವಿದ್ಯಾಪೀಠದಲ್ಲಿ ಕಲಿಸುತ್ತೇನೆ ಎಂದಳು. ಮೊದಲು ತಾನು ಬಂದ ಕಾರಣ ಹೇಳಿದಳು. ತಂಗೆವ್ವನಂಥ ವಿದ್ಯಾರ್ಥಿನಿ ಅಪರೂಪ; ಹೇಳಿದ್ದನ್ನೆಲ್ಲ ಹೀರಿಕೊಳ್ಳುತ್ತಾಳೆ. ಆದರೆ ಪೆಟ್ಟಿಗೆಯನ್ನು ಮುಟ್ಟಲೇ ಇಲ್ಲ, ಏಕೆಂದು ಕೇಳಿದರೆ ಮಾತು ತೇಲಿಸುತ್ತಾಳೆ. ಮನೆಯಲ್ಲಿ ಯಾರಾದರೂ ಬಿಡುವುದಿಲ್ಲವೋ, ಕೈಗೆ ಪೆಟ್ಟಾಗಿದೆಯೋ, ನೋಡಿ ಹೋಗೋಣವೆಂದು ಬಂದೆ. ಪೆಟ್ಟಿಗೆಯನ್ನೂ ತಂದಿದ್ದೇನೆ, ಎದುರು ಕೂತು ಬಿಚ್ಚಿಸುತ್ತೇನೆ.

ತನಿಖೆ ಮುಗಿದಿತ್ತು, ಹೇಳಲು ಅಡ್ಡಿಯಿರಲಿಲ್ಲ. ಇಷ್ಟು ವರ್ಷದಲ್ಲಿ ತಂಗೆವ್ವನನ್ನು ಹುಡುಕಿಕೊಂಡು ಯಾರೂ ಬಂದಿರಲಿಲ್ಲ. ಮಹಾನಂದಾ ಅವಳನ್ನು ಎರಡನೆಯ ಮಹಡಿಗೆ ಕರೆದೊಯ್ದು ಪರದೆಯ ಮುಂದೆ ನಿಲ್ಲಿಸಿದಳು. ಜಿನದತ್ತ ತಲೆ ತಗ್ಗಿಸಿಕೊಂಡು ಎಲ್ಲ ವಿವರಿಸಿದ.

ಶಂಶಾದ್ ಕುರ್ಚಿ ಹಿಡಿದು ಕೂತಳು. ಅವಳು ಸಿಟ್ಟಾಗಬಹುದು, ಅಳಬಹುದು ಎಂದು ಮಹಾನಂದಾ ಕಾದಳು. ಅವಳ ಭುಜ ಕುಲುಕತೊಡಗಿದಾಗ ಅಳುವೇ ಎಂದುಕೊಂಡಳು. ಅದು ನಗು.

"ಅಲ್ಲವ್ವ, ನಾ ದಿನಾ ಅನ್ಕೊಂತಿದ್ದೆ. ಈಕಿ ಹೇಳೂದೆಲ್ಲ ತಲಿಯಾಗಿಂದ ಬರತೈತಿ, ಕೈಯಾಗಿಂದ ಒಂದೂ ಬರಂಗಿಲ್ಲ. ಕರೆಂಟ್ ಹೊಡಿಸ್ಕೊಂಡಾಕಿ ಅಲ್ಲ, ಬೆರಳು ಸುಟ್ಕೊಂಡಾಕಿ ಅಲ್ಲ. ಕೈನ ಇಲ್ಲ ಅಂದ್ರ ಪಾಪ, ಆಕಿ ಏನ ಮಾಡ್ಯಾಳು?"

ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು ನಕಾಶೆಯ ಹತ್ತಿರ ಹೋದಳು. ಇನ್ನೂ ಬೂದಾಗಿರುವ ಚುಕ್ಕೆಗಳು ಯಾವುವು ಎಂದು ಒಂದೊಂದಾಗಿ ಓದಿಸಿಕೊಂಡಳು. ಉಷ್ಣದ ಪಾಠವನ್ನು ತಾನು ಅವಸರದಲ್ಲಿ ಮುಗಿಸಿದೆ, ಮುಂದಿನ ತಂಡಕ್ಕೆ ಅದನ್ನು ಬೇರೆ ರೀತಿ ಹೇಳಬೇಕು ಎಂದು ಚೀಟಿಯಲ್ಲಿ ಬರೆದುಕೊಂಡಳು. ಮಾನ್ಯತೆಯ ಮಾತನ್ನು ಅವಳು ಎತ್ತಲೇ ಇಲ್ಲ. ಮಹಾನಂದಾಳೇ ನೋಟೀಸಿನ ವಿಷಯ ಹೇಳಬೇಕಾಯಿತು.

ವಿಚಾರಣೆಯ ದಿನ ಹಿರೇಗೌಡರ ಎರಡೂ ಪಕ್ಕದಲ್ಲಿ ಒಬ್ಬೊಬ್ಬ ಸದಸ್ಯರು. ಮಹಾನಂದಾ ಸಾಕ್ಷಿಯ ಕುರ್ಚಿಯಲ್ಲಿದ್ದಳು. ಮತವಿಲ್ಲದ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಮೇಲಿಟ್ಟುಕೊಂಡಿದ್ದಳು. ತಾನು ಕಂಡದ್ದನ್ನು ಓದಿ ಹೇಳಿದಳು. ಗಣಕದ ತೀರ್ಮಾನವನ್ನು ಇನ್ನೊಬ್ಬರು ಓದಿದರು. ಹಿರೇಗೌಡರು ಶಂಶಾದಳ ಕಡೆ ತಿರುಗಿ, ಲಿಖಿತದಲ್ಲಿ ಎಂಬತ್ತೊಂಬತ್ತು ತೆಗೆದವಳನ್ನು ಪಾಸು ಮಾಡಿದ್ದರೆ ನಿಮ್ಮ ಮಾನ್ಯತೆಗೆ ಈ ತೊಂದರೆಯೇ ಬರುತ್ತಿರಲಿಲ್ಲವಲ್ಲ ಎಂದು ಕೇಳಿದರು.

ಶಂಶಾದ್ ಎದ್ದು ನಿಂತಳು. "ಸಾಹೇಬ್ರ, ನಾ ಪಾಸು ಮಾಡಿದಾಕಿ ನಾಳೆ ಒಂದು ಕೂಸಿಗೆ ಉಸಿರು ಕೊಡೂ ಯಂತ್ರದ ಮುಂದ ನಿಂದರತಾಳ. ಅದು ಬಂದ್ ಬಿದ್ರ ಆಕಿ ಕೈ ಓಡಬೇಕು. ಆ ಕೂಸಿಗೆ ನನ್ನ ಮಾನ್ಯತಾ ತಗೊಂಡು ಏನ ಆಗಬೇಕ್ರಿ?"

ಆಗ ಜಿನದತ್ತ, ಒಂದು ವಿಷಯ ತೋರಿಸಲು ಅಪ್ಪಣೆ ಕೇಳಿದ. ಪ್ರತಿ ತನಿಖೆಯ ಕೊನೆಗೆ ತಂಗೆವ್ವನನ್ನು ಒರೆಸಿ ಹಿಂದಿನ ಸ್ಥಿತಿಗೆ ತರುವ ಮುನ್ನ ಅವರು ಒಂದು ಪ್ರಶ್ನೆ ಕೇಳಿ ಬರೆದಿಡುತ್ತಿದ್ದರು. ಅಂಕಕ್ಕೆ ಅದು ಸೇರುತ್ತಿರಲಿಲ್ಲ, ಸುಮ್ಮನೆ ಕುತೂಹಲಕ್ಕೆ. ಪ್ರಶ್ನೆ ಇಷ್ಟೇ: ಈ ಕೆಲಸವನ್ನು ನಿನಗೆ ಒಪ್ಪಿಸಬಹುದೇ? ಪದವಿ ಕೊಟ್ಟ ಹದಿನಾಲ್ಕೂ ಕಡೆ ತಂಗೆವ್ವ ಒಂದೇ ಉತ್ತರ ಕೊಟ್ಟಿದ್ದಳು: ಒಪ್ಪಿಸಬಹುದು, ನನ್ನ ಹತ್ತಿರ ಪದವಿ ಇದೆ. ಈ ಸಲದ ಉತ್ತರವನ್ನು ಅವನು ಅವಳ ದನಿಯಲ್ಲೇ ಕೇಳಿಸಿದ.

"ಈಗ ಬ್ಯಾಡ್ರಿ. ನಾ ಇನ್ನೂ ಯಾವ ಯಂತ್ರಾನೂ ಮುಟ್ಟಿಲ್ಲ. ಮುಟ್ಟಿ ಕಲತ ಮ್ಯಾಲೆ ಕೇಳ್ರಿ, ಹೇಳ್ತೀನಿ."

ಹಿರೇಗೌಡರು ಅದನ್ನು ಇನ್ನೊಮ್ಮೆ ಕೇಳಿಸಲು ಹೇಳಿದರು. ಎರಡನೆಯ ಸಲ ಕೇಳುವಾಗ ಕಣ್ಣು ಮುಚ್ಚಿಕೊಂಡಿದ್ದರು. ನಂತರ ನಿಯಮದ ಪುಸ್ತಕ ತೆರೆದರು. ಇನ್ನು ಮುಗಿಯಿತು ಎಂದುಕೊಂಡಳು ಮಹಾನಂದಾ. ಪುಸ್ತಕ ತೆರೆದರೆ ಅವರು ಯಾವತ್ತೂ ಅದನ್ನು ಮೀರಿದವರಲ್ಲ.

ಅಂದೂ ಮೀರಲಿಲ್ಲ. ಪದವಿಯೂ ಕಲಿಕೆಯೂ ಹೊಂದಬೇಕು ಎಂಬ ನಿಯಮವನ್ನು ಗಟ್ಟಿಯಾಗಿ ಓದಿ, ಈ ಸಂಸ್ಥೆ ತಂಗೆವ್ವನಿಗೆ ಪದವಿ ಕೊಟ್ಟಿದೆಯೇ ಎಂದು ಕೇಳಿದರು. ಇಲ್ಲ ಎಂದರು ಎಲ್ಲರೂ. ಕೊಡದ ಪದವಿ ಹೊಂದುವುದಿಲ್ಲ ಎಂದು ಹೇಳುವುದು ಹೇಗೆ ಎಂದು ಅವರು ಗಣಕದ ಕಡೆ ನೋಡಿ ಕೇಳಿದರು, ಅದು ಉತ್ತರಿಸೀತು ಎಂಬಂತೆ. ಕೈ ಬೇಕಾದ ವಿದ್ಯೆಗೆ ಕೈಯಿಲ್ಲದವಳನ್ನು ಕಳಿಸಿದ್ದು ಕೇಂದ್ರದ ತಪ್ಪು, ಅದನ್ನು ಪತ್ತೆ ಮಾಡಿದ್ದು ವಿದ್ಯಾಪೀಠದ ಅರ್ಹತೆ. ಐದು ವರ್ಷಕ್ಕೆ ಮಾನ್ಯತೆ ನವೀಕರಿಸಲಾಗಿದೆ. ಇಬ್ಬರು ಸದಸ್ಯರೂ ಕೈಯೆತ್ತಿದರು. ಮೆಟ್ಟಿಲಿಳಿಯುವಾಗ ಹಿರೇಗೌಡರು ಶಂಶಾದಳನ್ನು ನಿಲ್ಲಿಸಿ, ತಮ್ಮ ಮನೆಯ ಫ್ರಿಜ್ಜು ರಾತ್ರಿಯಾದರೆ ಗೊರಕೆ ಹೊಡೆಯುತ್ತದೆ, ಏನಿರಬಹುದು ಎಂದು ವಿಚಾರಿಸಿದ್ದನ್ನು ಮಹಾನಂದಾ ಕಣ್ಣಾರೆ ಕಂಡಳು.

ಅದೇ ವಾರ ಕಸ್ತೂರಿಯ ತಂಡದ ಫಲಿತಾಂಶ ಬಂತು. ಮನೆಯವರೆಲ್ಲ ಮಾಳಿಗೆಯ ಮೇಲೆ ಬಿಸಿಲು ಕಾಯಿಸಿಕೊಳ್ಳುತ್ತ ಕೂತಿದ್ದಾಗ ಅವಳು ಉತ್ತರಪತ್ರಿಕೆಯ ಕಟ್ಟನ್ನೇ ಹಿಡಿದುಕೊಂಡು ಮೇಲೆ ಬಂದಳು. ಪ್ರಾಯೋಗಿಕದಲ್ಲಿ ತೊಂಬತ್ತಾರು. ಗಣಿತದಲ್ಲಿ ಮೂವತ್ತೊಂದು.

ಮಲ್ಲಿಕಾರ್ಜುನ ತಂಗಿಯ ಮುಖ ನೋಡಲಾರದೆ ಕಾಗೆಗಳ ಕಡೆ ನೋಡಿದ. ಮಹಾನಂದಾ ಸಮಾಧಾನದ ಮಾತು ಹುಡುಕುತ್ತಿದ್ದಳು. ಕಸ್ತೂರಿ ಮಾತ್ರ ಚಾಪೆಯ ಮೇಲೆ ಹಾಳೆಗಳನ್ನು ಹರಡಿದಳು. ನಾಲ್ಕು ಹಾಳೆಯ ಎರಡೂ ಮಗ್ಗುಲಲ್ಲಿ ಕೆಂಪು ಶಾಯಿ. ಅವಳು ಬರೆದದ್ದಕ್ಕಿಂತ ಅದೇ ಹೆಚ್ಚು.

"ವೈನಿ, ಇಲ್ಲಿ ನೋಡ್ರಿ. ನಾ ಎಲ್ಲಿ ದಾರಿ ತಪ್ಪೀನಿ ಅಂತ ಒಂದೊಂದು ಮೆಟ್ಟಲಾ ಬರದಾರ. ಇಷ್ಟು ವರ್ಷದಾಗ ನನ್ನ ತಪ್ಪು ಓದಾಕ ಇಷ್ಟು ಹೊತ್ತು ಯಾರ ಕೂತಾರ ಹೇಳ್ರಿ."

ಮೂರನೆಯ ಹಾಳೆಯ ಅಂಚಿನಲ್ಲಿ, ಇದು ತಪ್ಪು, ಆದರೆ ಬಹಳ ಚಂದದ ತಪ್ಪು ಎಂದು ಬರೆದಿತ್ತು. ಅದನ್ನು ಅವಳು ಅಣ್ಣನಿಗೆ ಎರಡು ಸಲ ಓದಿ ಹೇಳಿದಳು. ಮೂವರೂ ನಕ್ಕ ನಗೆಗೆ ಪಕ್ಕದ ಮಾಳಿಗೆಯವರು ಪಾಸಾಯಿತೇ ಎಂದು ಕೂಗಿ ಕೇಳಿದರು. ಇಲ್ಲ, ನಪಾಸು ಎಂದು ಕಸ್ತೂರಿ ಅಷ್ಟೇ ಗಟ್ಟಿಯಾಗಿ ಹೇಳಿದಳು.

ಮರುಪರೀಕ್ಷೆಗೆ ಏಳು ವಾರವಿತ್ತು, ಒಂದು ವರ್ಷದ ಅವಕಾಶ ಮುಗಿಯಲು ಎಂಟು. ಆ ಏಳು ವಾರ ಮಹಾನಂದಾ ದಿನವೂ ಕೇಂದ್ರದಿಂದ ಬಂದು, ಕಾಲು ತೊಳೆದು, ನಾದಿನಿಯ ಎದುರು ಗಣಿತಕ್ಕೆ ಕೂತಳು. ತಿಳಿಯಿತು ಎಂದು ಕಸ್ತೂರಿ ಹೇಳಿದಾಗಲೆಲ್ಲ ಅವಳ ಕಣ್ಣು ನೋಡುತ್ತಿದ್ದಳು, ಇನ್ನೊಂದು ಕಡೆಯಿಂದ ಹೋಗುತ್ತಿದ್ದಳು. ಮರುಪರೀಕ್ಷೆಯಲ್ಲಿ ಕಸ್ತೂರಿಗೆ ಐವತ್ತೆಂಟು ಬಂತು.

ಹುದ್ದೆ ಕಾಯಂ ಆದ ಆದೇಶ ಅವಳ ಕೈಗೆ ಬಂದದ್ದು ಆಸ್ಪತ್ರೆಯ ಪಡಸಾಲೆಯಲ್ಲಿ, ಗುರುವಾರ ಬೆಳಿಗ್ಗೆ. ಲಕೋಟೆ ಹರಿದು ಮೊದಲ ಸಾಲು ಓದಿರಬೇಕು, ಅಷ್ಟರಲ್ಲಿ ಒಳಗಿನ ವಾರ್ಡಿನಿಂದ ಒಂದು ಯಂತ್ರದ ದನಿ ಕೇಳಿಸಿತು, ಎಂದಿಗಿಂತ ಒಂದು ಎಳೆ ಒಡಕಾಗಿ. ಉಳಿದದ್ದನ್ನು ಓದದೆ ಕಾಗದವನ್ನು ಕೋಟಿನ ಜೇಬಿಗೆ ತುರುಕಿ, ತೋಳು ಮಡಚುತ್ತ ಅವಳು ಅತ್ತ ನಡೆದಳು.